ಶೆಟಗೇರಿಗೆ ಎರಡು ಲೆನ್ಸುಗಳೊಡನೆ

ಹೋಳಿಹುಣ್ಣಿಮೆಗೆ ಇನ್ನೊಂದು ವಾರವಿದ್ದಾಗ ಶೆಟಗೇರಿಯಿಂದ ಅಕ್ಕನ ದೂರವಾಣಿ ಬಂದಿತು. ಅಂಕೋಲಾ ತಾಲೂಕಿನ ಆ ಹಳ್ಳಿಯಲ್ಲಿರುವ ಅವಳ ಅತ್ತೆಯ ಮನೆ ನಾಲ್ಕು ತಲೆಮಾರುಗಳನ್ನು ಕಂಡ ಹಂಚಿನ ಮನೆ. ಬರುವ ದೀಪಾವಳಿಯ ತರುವಾಯ ಅದನ್ನು ಇಳಿಸಿ, ಅದೇ ಜಾಗದಲ್ಲಿ ಕಾಂಕ್ರೀಟಿನ ಮನೆಯನ್ನು ಕಟ್ಟುವುದೆಂದು ಭಾವನವರೂ ಮುಂಬಯಿಯಲ್ಲಿರುವ ಅವರ ತಮ್ಮಂದಿರೂ ನಿಶ್ಚಯಿಸಿದ್ದರು. “ಮನೆ ಇರುವಾಗಲೇ ಬಂದು ಒಂದಷ್ಟು ಚಲೋ ಫೋಟೊ ತೆಗೆದುಕೊಡು. ಆಯಿಯದೂ ಒಂದು ಬೇಕು. ಮೊಬೈಲಿನಲ್ಲಿ ಬೇಡ, ಗೋಡೆಗೆ ದೊಡ್ಡದಾಗಿ ಹಾಕುವ ಹಾಗಿರಬೇಕು” ಎಂದಳು. ಆಯಿ ಎಂದರೆ ಅಕ್ಕನ ಅತ್ತೆ, ವಯಸ್ಸು ಎಂಬತ್ತಾರು. ಅವರ ಒಬ್ಬರದೇ ಎನ್ನಬಹುದಾದ ಚಿತ್ರ ಆ ಮನೆಯಲ್ಲಿರುವುದು ಆಧಾರ್ ಚೀಟಿಯ ಮೇಲೆ ಮಾತ್ರ. ಅದರಲ್ಲಿರುವವರು ಯಾರೆಂದು ಅವರೇ ಒಮ್ಮೆ ಕೇಳಿದ್ದರಂತೆ.

ಕಪಾಟಿನಿಂದ ಕ್ಯಾಮರಾ ತೆಗೆದೆ. ನನ್ನದು ನಿಕಾನ್ ಡಿ-5600, 2016ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಯಂತ್ರವೇನೋ ಸರಿಯಾಗಿಯೇ ಇತ್ತು. ಆದರೆ ಅದರೊಂದಿಗೇ ಬಂದಿದ್ದ ಪುಟ್ಟ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದಾಗ ಗಾಜಿನೊಳಗೆ ಜೇಡರ ಬಲೆಯಂಥ ಬಿಳಿಯ ಎಳೆಗಳು ಹಬ್ಬಿದ್ದುವು. ಬೂಷ್ಟು! ಹಿಂದಿನ ಶ್ರಾವಣದಲ್ಲಿ ಇದೇ ಶೆಟಗೇರಿಗೆ ಒಯ್ದು, ನಾಲ್ಕು ದಿನ ಮಳೆಯಲ್ಲಿ ತಿರುಗಿ, ಮರಳಿ ಬಂದವನೇ ಒದ್ದೆ ಚೀಲದಲ್ಲಿದ್ದಂತೆಯೇ ಇಟ್ಟು ಮರೆತಿದ್ದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿ ಅದು. ಅಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಹಿಡಿಯುವ ಬೂಷ್ಟು ಲೆನ್ಸಿಗೆ ಮಾತ್ರ ವಿನಾಯಿತಿ ಕೊಟ್ಟೀತೆ? ಶುಚಿಗೊಳಿಸುವ ಖರ್ಚಿನಲ್ಲಿ ಅಂಥದೇ ಇನ್ನೊಂದು ಹಳೆಯ ಲೆನ್ಸು ಬರುತ್ತದೆಂದು ಹುಬ್ಬಳ್ಳಿಯ ರಿಪೇರಿಯವರು ಹೇಳಿದರು.

ಅಂತೂ ಹೊಸದೊಂದನ್ನು ಕೊಳ್ಳಲೇಬೇಕಾಯಿತು. ಮನೆಯಲ್ಲಿ ಮಂಜೂರಾದ ಮೊತ್ತ ಇಪ್ಪತ್ತು ಸಾವಿರ ರೂಪಾಯಿ. ಒಂದೇ ಲೆನ್ಸು; ಅದರಲ್ಲಿಯೇ ಮನೆ, ಮಂದಿ, ಸಮುದ್ರ, ಹಬ್ಬ, ಹಕ್ಕಿ ಎಲ್ಲವೂ ಸಿಕ್ಕಬೇಕು. ಇದು ನನ್ನೊಬ್ಬನ ಆಸೆಯೇನಲ್ಲ. ಸಂಸಾರವಂದಿಗರಾಗಿದ್ದು ಕ್ಯಾಮರಾ ಇಟ್ಟುಕೊಂಡವರೆಲ್ಲರ ಆಸೆಯೂ ಇದೇ. ಪತ್ನಿ, ಮಕ್ಕಳು, ಎರಡು ಚೀಲ, ನೀರಿನ ಬಾಟಲಿ ಇವುಗಳೊಡನೆ ಪ್ರವಾಸ ಹೊರಟವನು ಮೂರು ಲೆನ್ಸುಗಳನ್ನು ಬದಲಿಸುತ್ತ ನಿಂತರೆ ಬಸ್ಸು ಕಾಯುವುದಿಲ್ಲ.

ನನ್ನ ಸಂಕಟವನ್ನು ಕೇಳಿದ ಮಿತ್ರರೊಬ್ಬರು ತಮ್ಮಲ್ಲಿದ್ದ ಎರಡು ಲೆನ್ಸುಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದು, ನಿಕಾನ್ ಕಂಪನಿಯದೇ ಆದ 18–140. ತೂಕ 490 ಗ್ರಾಮು. ಇನ್ನೊಂದು, ಟ್ಯಾಮ್ರಾನ್ ಕಂಪನಿಯ 18–400. ತೂಕ 710 ಗ್ರಾಮು, ಉದ್ದಕ್ಕೆ ಎಳೆದರೆ ಪಿಚಕಾರಿಯಂತೆ ಕಾಣುತ್ತದೆ. “ನಾನೀಗ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮರಾಕ್ಕೆ ಬದಲಾಗಿದ್ದೇನೆ. ಇವು ನನಗೆ ಬೇಡ. ಚಿಕ್ಕದಕ್ಕೆ ಹನ್ನೆರಡು ಸಾವಿರ, ದೊಡ್ಡದಕ್ಕೆ ಮೂವತ್ತು. ಎರಡನ್ನೂ ಒಯ್ದು ನೋಡಿ, ಒಂದನ್ನು ಇಟ್ಟುಕೊಳ್ಳಿ” ಎಂದರು. ಕನ್ನಡಿಯುಳ್ಳ ಹಳೆಯ ಕ್ಯಾಮರಾಗಳನ್ನು ಬಿಟ್ಟು ಜನ ಹೊಸತಕ್ಕೆ ಹೋಗುತ್ತಿರುವುದರಿಂದ ಇಂಥ ಲೆನ್ಸುಗಳು ಈಗ ಕೈಬದಲಾಗಿ ಅಗ್ಗಕ್ಕೆ ಸಿಗುತ್ತವೆ. ಮಿತವ್ಯಯಿಗಳಿಗೆ ಇದು ಸುಗ್ಗಿಯ ಕಾಲ. ಮೂವತ್ತು ಸಾವಿರ ನನ್ನ ಮಿತಿಯನ್ನು ಹತ್ತು ಸಾವಿರದಷ್ಟು ದಾಟುತ್ತಿದ್ದಿತು. ಆದರೂ ಕಣ್ಣು ಹೋದದ್ದು ಆ ಪಿಚಕಾರಿಯ ಮೇಲೆಯೇ.

ಈ ಅಂಕೆಗಳ ಅರ್ಥವನ್ನು ವಾಚಕರಿಗೆ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 18, 140, 400 ಎನ್ನುವುದು ಲೆನ್ಸಿನ ನಾಭಿದೂರ, ಮಿಲಿಮೀಟರುಗಳಲ್ಲಿ. ಅಂಕೆ ಸಣ್ಣದಾದಷ್ಟು ನೋಟ ಅಗಲ, ದೊಡ್ಡದಾದಷ್ಟು ನೋಟ ಇಕ್ಕಟ್ಟು. ದೂರದ ವಸ್ತು ಹತ್ತಿರ ಬಂದಂತೆ. ನನ್ನಂಥ ಕ್ಯಾಮರಾದಲ್ಲಿ 18ಕ್ಕೆ ಸುಮಾರು 76 ಡಿಗ್ರಿಗಳ ನೋಟ ಒಳಗೆ ಬರುತ್ತದೆ. 400ಕ್ಕೆ ಬರುವುದು ನಾಲ್ಕೇ ಡಿಗ್ರಿ. ಇನ್ನು ‘ಎಫ್’ ಎಂಬ ಎರಡನೆಯ ಅಂಕೆ ಕಿಟಕಿಯ ಅಳತೆ. ಅದು ಸಣ್ಣದಿದ್ದಷ್ಟೂ ಕಿಟಕಿ ದೊಡ್ಡದು, ಒಳಗೆ ಬರುವ ಬೆಳಕು ಹೆಚ್ಚು. ಎರಡು ಲೆನ್ಸುಗಳ ಕಿಟಕಿಯೂ ಅಗಲ ನೋಟದಲ್ಲಿ ಎಫ್ 3.5, ಪೂರ್ತಿ ಎಳೆದಾಗ ಚಿಕ್ಕದರದು ಎಫ್ 5.6ಕ್ಕೂ ದೊಡ್ಡದರದು ಎಫ್ 6.3ಕ್ಕೂ ಮುಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಗಿರಾಕಿಗಳು ಕೇಳುವುದೆಲ್ಲ ಮೊದಲ ಅಂಕೆಯನ್ನು ಮಾತ್ರ. ನಾನೂ ಹಾಗೆಯೇ ಕೇಳಿದವನು.

ನಮ್ಮ ಹಿರಿಯರಿಗೆ ಈ ತಾಪತ್ರಯವಿರಲಿಲ್ಲ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಪೆಟ್ಟಿಗೆ ಕ್ಯಾಮರಾದಲ್ಲಿ ಒಂದು ಸುರುಳಿಗೆ ಹನ್ನೆರಡು ಚಿತ್ರ, ಲೆನ್ಸು ಒಂದೇ, ಅದೂ ಅಲುಗದ್ದು. ಹತ್ತಿರ ಬೇಕಾದರೆ ಛಾಯಾಗ್ರಾಹಕನೇ ನಾಲ್ಕು ಹೆಜ್ಜೆ ಮುಂದೆ ಹೋಗಬೇಕು. ಸ್ಥಿರಚಿತ್ರದ ಕ್ಯಾಮರಾಕ್ಕೆಂದು ಝೂಮ್ ಲೆನ್ಸು ಮೊದಲು ಬಂದದ್ದು 1959ರಲ್ಲಿ, ಫೋಕ್ಟ್‌ಲೆಂಡರ್ ಕಂಪನಿಯ ಝೂಮಾರ್. ಅದರ ವ್ಯಾಪ್ತಿ 36ರಿಂದ 82. ನಿಕಾನ್‌ನವರ 43–86 ಬಂದದ್ದು 1963ರಲ್ಲಿ. ಎರಡು ಪಟ್ಟು ಹಿಗ್ಗಿದರೇ ಅಂದು ಅಚ್ಚರಿ. 1992ರಲ್ಲಿ ಟ್ಯಾಮ್ರಾನ್‌ನವರು 28–200 ತಂದು, ಪ್ರವಾಸಿಗೆ ಒಂದೇ ಲೆನ್ಸು ಸಾಕೆಂಬ ಆಸೆಯನ್ನು ಹುಟ್ಟಿಸಿದರು. ಮಿತ್ರರ ಪಿಚಕಾರಿ 2017ರ ಹುಟ್ಟು. ಇಪ್ಪತ್ತೆರಡು ಪಟ್ಟು ಹಿಗ್ಗುತ್ತದೆ.

ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬರುತ್ತದೆಂದು ಕೇಳುತ್ತ ಕೇಳುತ್ತ ನನ್ನ ಕೂದಲು ನರೆತಿವೆ; ಆದ್ದರಿಂದ ಬಸ್ಸಿನಲ್ಲಿಯೇ ಹೊರಟೆ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯತೊಡಗಿದಾಗ ಗಾಳಿಯ ಗುಣವೇ ಬದಲಾಗುತ್ತದೆ. ಮೈ ಅಂಟಂಟಾಗುತ್ತದೆ, ಕಿಟಕಿಯಲ್ಲಿ ಹಸಿರು ಕಪ್ಪಾಗುತ್ತದೆ. ಘಟ್ಟದ ಮರಗಳನ್ನು ಬಸ್ಸಿನೊಳಗಿನಿಂದಲೇ ತೆಗೆಯಲು ನೋಡಿದೆ. ತಿರುವು ತಿರುವಿಗೂ ದೊಡ್ಡ ಲೆನ್ಸು ತನ್ನ ಭಾರಕ್ಕೆ ತಾನೇ ಜಾರಿ, ಮುಂದಿನ ಆಸನದವರ ಬೆನ್ನಿಗೆ ತಾಗಿತು. ಕ್ಷಮೆ ಕೇಳಿ ಒಳಗಿಟ್ಟೆ.

ಶೆಟಗೇರಿಯ ಮನೆಯನ್ನು ನಾನು ಮದುವೆಯ ದಿನದಿಂದ ಬಲ್ಲೆ. ಆದರೆ ಅಂದಿನವರೆಗೆ ನೋಡಿರಲಿಲ್ಲವೆಂದೇ ಹೇಳಬೇಕು. ಅಂಗಳದ ನಡುವೆ ತುಳಸಿಕಟ್ಟೆ, ಎತ್ತರದ ಜಗಲಿ, ಜಗಲಿಗೆ ಆರು ಕಂಬ, ತಲೆಬಾಗಿಸಿಯೇ ಹೋಗಬೇಕಾದ ನಡುಬಾಗಿಲು, ಒಳಗೆ ಹಗಲಿನಲ್ಲಿಯೂ ದೀಪ ಬೇಕೆನಿಸುವ ಕತ್ತಲೆ. ಹಂಚುಗಳ ನಡುವೆ ಕೂರಿಸಿದ ಒಂದು ಗಾಜಿನ ಹಂಚಿನಿಂದ ಬಿಸಿಲು ಒಲೆಯ ಬಳಿಗೆ ಬೀಳುತ್ತದೆ. ಅದು ಎಲ್ಲಿಗೆ ಬಂದಿದೆಯೆಂಬುದರ ಮೇಲೆ ಆಯಿ ಗಂಟೆ ಹೇಳುತ್ತಾರೆ. ಹಿತ್ತಿಲಿನಲ್ಲಿ ಕರಿ ಇಶಾಡ ಮಾವಿನ ಮರ. 2023ರಲ್ಲಿ ಅಂಕೋಲೆಯ ಈ ಹಣ್ಣಿಗೆ ಭೌಗೋಳಿಕ ಮಾನ್ಯತೆ ದೊರೆತದ್ದನ್ನು ಭಾವನವರು ತಮಗೇ ಪ್ರಶಸ್ತಿ ಬಂದಂತೆ ಹೇಳುತ್ತಾರೆ. ಗದ್ದೆಯಲ್ಲಿ ಭತ್ತ ಹೋಗಿ ಶೇಂಗಾ ಬಂದಿತ್ತು.

ಮುರುಗಲ ಹಣ್ಣಿನ ಪಾನಕ ಕುಡಿದು ಕೆಲಸಕ್ಕೆ ತೊಡಗಿದೆ. ಮನೆಯೊಳಗೆ 400ರ ಮಾತೇ ಬರಲಿಲ್ಲ. ನಡುಮನೆಯ ಮೂಲೆಗೆ ಬೆನ್ನು ಹಚ್ಚಿ ನಿಂತು 18ಕ್ಕೆ ತಿರುಗಿಸಿದರೂ ಎದುರು ಗೋಡೆ ಪೂರ್ತಿ ಬರುತ್ತಿರಲಿಲ್ಲ. ದೂರಕ್ಕೆ ನಾಲ್ಕು ನೂರು ಮಿಲಿಮೀಟರ್ ಹಣ ಕೊಟ್ಟು ಕೊಂಡವನಿಗೆ ಇಲ್ಲಿ ಬೇಕಾದದ್ದು ಹತ್ತಿರಕ್ಕೆ ಎರಡೇ ಮಿಲಿಮೀಟರ್! ಅದಲ್ಲದೆ, ಎರಡೂ ಲೆನ್ಸುಗಳು 18ರಲ್ಲಿ ಕಂಬಗಳನ್ನು ಹೊಟ್ಟೆ ಬಂದವರಂತೆ ಉಬ್ಬಿಸಿ ತೋರಿಸಿದುವು. ಅಗಲವನ್ನೂ ದೂರವನ್ನೂ ಒಂದೇ ಕೊಳವೆಯಲ್ಲಿ ತುಂಬಲು ಹೋದಾಗ ಆಗುವ ಅನಿವಾರ್ಯ ದೋಷವಿದು. ಚಿಕ್ಕದರಲ್ಲಿ ಹದಿನೇಳು ಗಾಜುಗಳು, ದೊಡ್ಡದರಲ್ಲಿ ಹದಿನಾರು. ತಿರುಗಿಸಿದಂತೆ ಅವು ಗುಂಪುಗುಂಪಾಗಿ ಹಿಂದೆ ಮುಂದೆ ಸರಿಯುತ್ತವೆ. ಪ್ರತಿಯೊಂದು ದೂರಕ್ಕೂ ಅತ್ಯುತ್ತಮವಾಗಿರುವುದು ಅವುಗಳಿಂದ ಆಗದು. ತನ್ನದೇ ಕಂಪನಿಯ ಲೆನ್ಸಾದರೆ ಈ ಉಬ್ಬನ್ನು ಕ್ಯಾಮರಾ ತಾನಾಗಿಯೇ ತಿದ್ದಿಕೊಳ್ಳುತ್ತದೆ. ಮಿಕ್ಕವುಗಳದನ್ನು ಗಣಕಯಂತ್ರದಲ್ಲಿ ಕುಳಿತು ತಿದ್ದಬೇಕು. ಅಂಗಳಕ್ಕೆ ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು 24ಕ್ಕೆ ತಿರುಗಿಸಿದಾಗ ಕಂಬಗಳು ನೆಟ್ಟಗಾದುವು.

ಮರುದಿನ ಭಾವನವರಿಗೆ ಕಾರವಾರದಲ್ಲಿ ಕಚೇರಿಯ ಕೆಲಸವಿತ್ತು. ನಾನೂ ಜೊತೆಗೆ ಹೋದೆ. ದೊಡ್ಡ ಲೆನ್ಸಿಗೆ ನ್ಯಾಯ ಸಿಗುವುದಾದರೆ ಅಲ್ಲಿಯೇ ಸಿಗಬೇಕೆಂದು ನನ್ನ ಎಣಿಕೆ. ರವೀಂದ್ರನಾಥ ಠಾಕೂರರು ತಮ್ಮ ತಾರುಣ್ಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದಾಗ ಮೆಚ್ಚಿಕೊಂಡ ಕಡಲತೀರ ಇದು; ಈಗ ಅವರದೇ ಹೆಸರು ಹೊತ್ತಿದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮರಳಿನ ಮೇಲೆ ನಿಂತು ದೇವಗಡ ದ್ವೀಪದ ದೀಪಸ್ತಂಭವನ್ನು 400ರಲ್ಲಿ ಹಿಡಿದೆ. ದೀಪಸ್ತಂಭ ಬಂದಿತು, ಅದರೊಡನೆ ನಡುವಿನ ಅಷ್ಟೂ ಆವಿಯೂ ಬಂದಿತು. ನೀರಿನಲ್ಲಿ ಕಲಸಿದಂತೆ ಗೋಪುರ ನಡುಗುತ್ತಿತ್ತು. ಲೆನ್ಸನ್ನು ನಿಂದಿಸುವುದು ನ್ಯಾಯವಲ್ಲ. ದೂರವನ್ನು ಹಿಗ್ಗಿಸುವ ಗಾಜು ನಡುವಿನ ಧೂಳು, ತೇವ, ಬಿಸಿಗಾಳಿಗಳನ್ನೂ ಅಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ. ಬೆಳಗಿನ ಏಳಕ್ಕೆ ಬಂದಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಅಲ್ಲಿಯೇ ಹಟಕ್ಕೆ ಬಿದ್ದು, ಹೋಲಿಸಿ ನೋಡೋಣವೆಂದು ಗಾಳಿಗೆ ಬೆನ್ನು ಮಾಡಿ ಲೆನ್ಸು ಬದಲಿಸಿದೆ. ಆ ಕ್ಷಣದಲ್ಲಿ ಒಳಹೊಕ್ಕ ಮರಳಿನ ಕಣವೊಂದು ಅಂದಿನ ಮಿಕ್ಕೆಲ್ಲ ಚಿತ್ರಗಳ ಆಕಾಶದಲ್ಲಿಯೂ ಕಪ್ಪು ಚುಕ್ಕೆಯಾಗಿ ಕುಳಿತಿದೆ. ಒಂದೇ ಲೆನ್ಸು ಸಾಕೆನ್ನುವವರ ಪರವಾದ ಬಲವಾದ ವಾದ ನನಗೆ ದೊರೆತದ್ದು ಹೀಗೆ.

ಕಾಳಿಯ ಮುಖಕ್ಕೂ ಹೋಗಿ ಬಂದೆವು. ಕೆಲವು ವರ್ಷಗಳ ಹಿಂದೆ ಅಲ್ಲಿಯೇ ನಿಂತು ದೋಣಿಗಳ ಚಿತ್ರ ತೆಗೆದಿದ್ದೆ. ಸದಾಶಿವಗಡದ ಕಡೆಗೆ ಹೋಗುವ ಹಳೆಯ ಸೇತುವೆ ಅದರ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿ ನಿಂತಿದೆ. ದೋಣಿಗೆ ಅಡ್ಡವೆಂದು ನಾನೇ ಬೇಕೆಂದು ಹೊರಗಿಟ್ಟದ್ದು. ಆ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಕುಸಿದು ನದಿಗೆ ಬಿದ್ದಿತು. ದೋಣಿಗಳು ಈಗಲೂ ಇವೆ. “ಫೋಟೊದಲ್ಲಿ ಇರಬೇಕಾದದ್ದು ಯಾವುದು ಅಂತ ಅಂದು ಯಾರಿಗೆ ಗೊತ್ತಿತ್ತು ಮಾರಾಯ?” ಎಂದರು ಭಾವನವರು. ಮರಳಿ ಬರುವ ದಾರಿಯಲ್ಲಿ ಮನೆಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಸಂಜೆ ಶೆಟಗೇರಿಗೆ ಸುಗ್ಗಿಯ ಮೇಳ ಬಂದಿತು. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನು ನೋಡದವರಿಗೆ ಹೇಳುವುದು ಕಷ್ಟ. ತಲೆಯ ಮೇಲೆ ಬಣ್ಣ ಬಣ್ಣದ ಹೂಗಳ ತುರಾಯಿ, ಗುಮಟೆಯ ಪೆಟ್ಟು, ಅದಕ್ಕೆ ತಕ್ಕ ಹೆಜ್ಜೆ. ಮೇಳ ಮನೆಯಿಂದ ಮನೆಗೆ ಹೋಗುತ್ತದೆ. ಅಂಗಳದ ಅಂಚಿನಲ್ಲಿ ನಿಂತು ನೋಡುತ್ತಿದ್ದ ಹಾಲಕ್ಕಿ ಅಜ್ಜಿಯೊಬ್ಬರ ಕೊರಳ ತುಂಬ ಕರಿಮಣಿ ಸರಗಳು. ಈ ಸಮುದಾಯದ ಇಬ್ಬರು ಹಿರಿಯ ಮಹಿಳೆಯರು ಪದ್ಮಶ್ರೀ ಪಡೆದು ನಾಡಿಗೆಲ್ಲ ಪರಿಚಿತರಾಗಿದ್ದರು: ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮಗೌಡರು 2025ರಲ್ಲಿಯೂ, ಸಾವಿರಾರು ಸಸಿಗಳನ್ನು ಬೆಳೆಸಿದ ತುಳಸಿ ಗೌಡರು 2024ರಲ್ಲಿಯೂ ತೀರಿಕೊಂಡರು. ತುಳಸಿ ಗೌಡರು 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ನಡೆದುಹೋಗಿ ರಾಷ್ಟ್ರಪತಿಗಳಿಂದ ಪ್ರಶಸ್ತಿ ಸ್ವೀಕರಿಸಿದ ಚಿತ್ರವನ್ನು ಯಾರು ಮರೆತಾರು? ಅಂಥದೊಂದು ಚಿತ್ರ ನನಗೂ ದೊರಕಲೆಂದು, ಬಾವಿಕಟ್ಟೆಯ ಮರೆಯಿಂದ ಪಿಚಕಾರಿಯನ್ನು ಪೂರ್ತಿ ಎಳೆದು ಆ ಅಜ್ಜಿಯ ಮುಖಕ್ಕೆ ಗುರಿಯಿಟ್ಟೆ.

ಅವರು ನೋಡಿದರು. ನೋಡಿ, ಸೆರಗಿನಿಂದ ಮುಖ ಮುಚ್ಚಿಕೊಂಡರು. ಅದನ್ನು ಜಗಲಿಯ ಮೇಲಿಂದ ಕಂಡ ಆಯಿ ಅಲ್ಲಿಂದಲೇ, “ಎಂತಕ್ಕೆ ತಮಾ ಅಡಗಿ ನಿಂತು ತೆಗೀತೆ? ಅದೇನು ಕೊಕ್ಕರೆಯಾ? ಬಂದು ಕೇಳಿದ್ರೆ ಬ್ಯಾಡ ಅಂಬುದಿಲ್ಲ” ಎಂದರು. ನಾಚಿಕೆಯಾಯಿತು. ಹೋಗಿ ಕೇಳಿದೆ. ಅಜ್ಜಿ ನಕ್ಕು, ಮಣಿಸರಗಳನ್ನು ಸರಿಪಡಿಸಿಕೊಂಡು, ಎದುರಿಗೇ ನಿಂತರು. ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಲೆನ್ಸು 50ರಲ್ಲಿತ್ತು.

ಅಷ್ಟರಲ್ಲಿ ಬೆಳಕು ಹೋಯಿತು. ಅಂಗಳದಲ್ಲಿ ಒಂದೇ ವಿದ್ಯುದ್ದೀಪ. ಕುಣಿಯುವವರ ಚಿತ್ರಗಳಲ್ಲಿ ತುರಾಯಿಗಳೆಲ್ಲ ಬಣ್ಣದ ಗೀಟುಗಳಾದುವು. ಕೈ ನಡುಗಿದರೆ ಚಿತ್ರ ಕೆಡದಂತೆ ಕಾಯುವ ಉಪಾಯ ಎರಡು ಲೆನ್ಸುಗಳಲ್ಲಿಯೂ ಉಂಟು. ಆದರೆ ಅದು ನಿಲ್ಲಿಸುವುದು ತೆಗೆಯುವವನ ನಡುಕವನ್ನು, ಕುಣಿಯುವವರ ಕಾಲನ್ನಲ್ಲ. ಅದಕ್ಕೆ ಬೇಕಾದದ್ದು ದೊಡ್ಡ ಕಿಟಕಿ. ಇನ್ನೂ ಹೇಳಬೇಕೆಂದರೆ, ಅಕ್ಕನ ಮಗ ತನ್ನ ಮೊಬೈಲಿನಲ್ಲಿ ತೆಗೆದದ್ದು ನನ್ನದಕ್ಕಿಂತ ಸ್ವಚ್ಛವಾಗಿತ್ತು. ಅದು ಒಂದರ ಮೇಲೊಂದು ಹಲವು ಚಿತ್ರಗಳನ್ನು ಹಿಡಿದು ಒಳಗೇ ಹೊಂದಿಸಿಬಿಡುತ್ತದೆ. ಸತ್ಯವನ್ನು ಮುಚ್ಚಿಡಲಾರೆ. ಊಟದ ನಂತರ ಒಲೆಯ ಬಳಿ ಆಯಿಯ ಚಿತ್ರಕ್ಕೆ ಪ್ರಯತ್ನಿಸಿದ್ದೂ ಹಾಗೆಯೇ ವ್ಯರ್ಥವಾಯಿತು. ಮುಖದ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳು. “ಬೆಳಿಗ್ಗೆ ನೋಡುವಾ” ಎಂದು ಅವರೇ ಸಮಾಧಾನ ಹೇಳಿದರು.

ಜಗಲಿಯ ಗೋಡೆಯ ಮೇಲೆ ಕ್ಲಿಕ್-3ರಲ್ಲಿ ತೆಗೆದ ಚೌಕ ಚಿತ್ರವೊಂದು ತೂಗುತ್ತಿದೆ. ಮನೆಯವರೆಲ್ಲ ನಡುಬಾಗಿಲಿನ ಮುಂದೆ ಸಾಲಾಗಿ ನಿಂತಿದ್ದಾರೆ; ಅಂಚಿನಲ್ಲಿ ಹೊಸ ಸೊಸೆಯಾಗಿ ಆಯಿ, ತಲೆ ತಗ್ಗಿಸಿ, ಮುಖ ಕಾಣದಂತೆ. ರಾತ್ರಿ ಅದನ್ನು ನೋಡುತ್ತ ಕುಳಿತಾಗ ಒಂದು ವಿಷಯ ಹೊಳೆಯಿತು. ನೆರಳುಗಳೆಲ್ಲ ಪಶ್ಚಿಮಕ್ಕೆ ಬಿದ್ದಿದ್ದುವು. ತೆಗೆದವರು ಯಾರೋ ತಿಳಿಯದು, ಬೆಳಗಿನ ಬಿಸಿಲು ಜಗಲಿಗೆ ಬರುವ ಹೊತ್ತನ್ನು ಕಾದಿದ್ದರು. ಅವರ ಪೆಟ್ಟಿಗೆಗೆ ಬೇರೆ ದಾರಿಯಿರಲಿಲ್ಲ.

ಮರುದಿನ ಏಳೂವರೆಗೆ ಆಯಿಯನ್ನು ನಡುಬಾಗಿಲಿನ ಹೊಸ್ತಿಲ ಬಳಿ ಕುಳ್ಳಿರಿಸಿದೆ. ಹಿಂದೆ ಮನೆಯೊಳಗಿನ ಕತ್ತಲೆ, ಮುಂದೆ ಅಂಗಳದಿಂದ ಬರುವ ಮೆತ್ತನೆಯ ಬೆಳಕು. ಚಿಕ್ಕ ಲೆನ್ಸನ್ನು 70ಕ್ಕೆ ತಿರುಗಿಸಿ ತೆಗೆದೆ. ಕಣ್ಣಿನ ಸುತ್ತಣ ಗೆರೆಗಳು, ಮೂಗಿನ ನತ್ತು, ಬಾಗಿಲಿನ ದಾರಂದದ ಮೇಲಿನ ಹಳೆಯ ಕುಂಕುಮ, ಎಲ್ಲವೂ ಬಂದುವು. ಈ ಸಲ ಅವರು ತಲೆ ತಗ್ಗಿಸಿರಲಿಲ್ಲ.

ಹುಬ್ಬಳ್ಳಿಗೆ ಮರಳಿದ ಮೇಲೆ ಒಂದು ಲೆಕ್ಕ ಹಾಕಿದೆ. ಲೆನ್ಸು ಕೊಳ್ಳಹೊರಟ ವಾಚಕರೆಲ್ಲರೂ ಇದನ್ನು ಮೊದಲು ಮಾಡುವುದು ಒಳ್ಳೆಯದು. ಪ್ರತಿಯೊಂದು ಡಿಜಿಟಲ್ ಚಿತ್ರದೊಳಗೂ ಅದನ್ನು ಎಷ್ಟು ಮಿಲಿಮೀಟರಿನಲ್ಲಿ ತೆಗೆದದ್ದೆಂದು ಕ್ಯಾಮರಾ ಬರೆದಿಟ್ಟಿರುತ್ತದೆ. ಗಣಕಯಂತ್ರದಲ್ಲಿ ಒಂದೊಂದಾಗಿ ನೋಡುತ್ತ ಹೋದಂತೆ ನನ್ನವುಗಳಲ್ಲಿ ಮುಕ್ಕಾಲು ಪಾಲು 18ರಿಂದ 70ರೊಳಗೆ ಇದ್ದುವು. 140ನ್ನು ದಾಟಿದವು ಬೆರಳೆಣಿಕೆಯವು: ನಡುಗುವ ದೀಪಸ್ತಂಭ, ಗದ್ದೆಯ ಬೆಳ್ಳಕ್ಕಿ, ಸೆರಗಿನಿಂದ ಮುಚ್ಚಿದ ಮುಖ. ಹಕ್ಕಿಯ ಹುಚ್ಚಿರುವವರ ಲೆಕ್ಕ ಬೇರೆ ಬರುತ್ತದೆ. ಅಂಥವರು 400ಕ್ಕೇ ಹೋಗಲಿ, ನನ್ನ ತಕರಾರಿಲ್ಲ.

ಹನ್ನೆರಡು ಸಾವಿರ ಕೊಟ್ಟು ಚಿಕ್ಕದನ್ನು ಇಟ್ಟುಕೊಂಡೆ. ಮಿತ್ರರದೇ ಆದರೂ ಪರೀಕ್ಷೆ ಬಿಡಲಿಲ್ಲ: ಕತ್ತಲೆ ಕೋಣೆಯಲ್ಲಿ ಬ್ಯಾಟರಿ ಬೆಳಕನ್ನು ಹಿಂದಿನಿಂದ ಹಾಯಿಸಿ ಬೂಷ್ಟು ನೋಡಿದೆ, ತಿರುಗಿಸುವಾಗ ಮರಳಿನ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟೆ, ಮುಖ ಕೆಳಗೆ ಮಾಡಿ ಹಿಡಿದಾಗ ಜಾರುತ್ತದೆಯೇ ನೋಡಿದೆ, ಗೋಡೆಗೆ ವರ್ತಮಾನಪತ್ರಿಕೆಯ ಹಾಳೆ ಅಂಟಿಸಿ, ನಾಲ್ಕು ದೂರಗಳಲ್ಲಿ ತೆಗೆದು, ಮೂಲೆಗಳ ಅಕ್ಷರ ಓದಿದೆ. ಉಳಿದ ಎಂಟು ಸಾವಿರದೊಳಗೆ ಕೈಬದಲಾದ 35 ಮಿಲಿಮೀಟರಿನ ಅಲುಗದ ಲೆನ್ಸೊಂದು ಸಿಕ್ಕಿತು. ತೂಕ 200 ಗ್ರಾಮು. ಕಿಟಕಿ ಎಫ್ 1.8, ಎಂದರೆ ಎಫ್ 5.6ಕ್ಕಿಂತ ಹೆಚ್ಚು ಕಡಿಮೆ ಹತ್ತು ಪಟ್ಟು ಬೆಳಕು. ಒಲೆಯ ಮುಂದಿನ ಮುಖಕ್ಕೆ ಅದು. ಒಂದೇ ಲೆನ್ಸೆಂಬ ನನ್ನ ಪ್ರತಿಜ್ಞೆ ಹೀಗೆ ಮುರಿಯಿತು. ಮೊತ್ತ ಮಾತ್ರ ಮುರಿಯಲಿಲ್ಲ. ಕೊಳ್ಳುವಾಗ ಒಂದನ್ನು ಗಮನಿಸಬೇಕು: ನನ್ನ ಕ್ಯಾಮರಾದಂಥ ಚಿಕ್ಕ ಮಾದರಿಗಳಲ್ಲಿ ಲೆನ್ಸನ್ನು ತಿರುಗಿಸುವ ಮೋಟಾರಿಲ್ಲ, ಮೋಟಾರು ಲೆನ್ಸಿನೊಳಗೇ ಇರಬೇಕು. ಇಲ್ಲವಾದರೆ ಅಗ್ಗಕ್ಕೆ ಸಿಕ್ಕಿತೆಂದು ತಂದದ್ದನ್ನು ಕೈಯಿಂದಲೇ ತಿರುಗಿಸಿ ಹೊಂದಿಸುತ್ತ ಕೂಡಬೇಕಾಗುತ್ತದೆ. ಎರಡೂ ಈಗ ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳ ನಡುವೆ ಇವೆ.

ಆಯಿಯ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕಳಿಸಿದೆ. ಅವರು ಬಹಳ ಹೊತ್ತು ನೋಡಿ, “ಬಾಗಿಲು ಚಲೋ ಬಂತು” ಎಂದರಂತೆ. ಹೊಸ ಮನೆಗೂ ಅದೇ ಬಾಗಿಲನ್ನು ಇಡಿಸಬೇಕೆಂದು ಅಂದಿನಿಂದ ಹಟ ಹಿಡಿದಿದ್ದಾರೆ. ಎಂಜಿನಿಯರು ಎತ್ತರ ಸಾಲದೆನ್ನುತ್ತಾರೆ. ಮನೆಯಲ್ಲಿ ಚರ್ಚೆ ನಡೆದಿದೆ. ಹಂಚು ಇಳಿಸುವ ದಿನಕ್ಕೆ ನನ್ನನ್ನು ಕರೆದಿದ್ದಾರೆ. ಏಣಿ ಹತ್ತಿ ಮೇಲಿನಿಂದಲೂ ತೆಗೆಯಬೇಕಾಗುತ್ತದೆ, ಭಾರದ್ದೇನೂ ತರಬೇಡವೆಂದು ಭಾವನವರ ಸೂಚನೆ.